ಸೇಬು ತಿಂದ್ರೆ ಬಾಯಿ ತುರಿಸತ್ತಾ? ಯಾವ ತಳಿ ಆಗಬಹುದು, ಅದನ್ನ ಹೇಗೆ ಕಂಡುಹಿಡೀತಾರೆ

ಜರ್ಮನಿ, ನೆದರ್ಲ್ಯಾಂಡ್ಸ್, ಸ್ವೀಡನ್ ಕಡೆ ಕೆಲಸಕ್ಕೋ ಓದೋಕೋ ಹೋಗಿ ಕೆಲವು ವರ್ಷ ಆದ ನಮ್ಮವರು ಎಷ್ಟೋ ಜನ ಒಂದೇ ಮಾತು ಹೇಳ್ತಾರೆ. ಏಪ್ರಿಲ್ ಬಂತು ಅಂದ್ರೆ ಮೂಗು ಸೋರತ್ತೆ, ಕಣ್ಣು ಉರಿಯತ್ತೆ, ಸೀನು ನಿಲ್ಲೋದೇ ಇಲ್ಲ. ಅದೇನೋ ಪೋಲನ್ ಅಲರ್ಜಿ ಅಂತ ಡಾಕ್ಟ್ರು ಹೇಳ್ತಾರೆ, ಮಾತ್ರೆ ತಗೊಂಡು ತಳ್ಳಬಹುದು. ಆದ್ರೆ ಅದರ ಜೊತೆಗೇ, ಚಿಕ್ಕಂದಿನಿಂದ ಊರಲ್ಲಿ ಆರಾಮಾಗಿ ತಿಂದುಕೊಂಡಿದ್ದ ಸೇಬನ್ನ ಕಚ್ಚಿದ ಎರಡು ನಿಮಿಷಕ್ಕೆ ತುಟಿ ಚುರುಚುರು ಅನ್ನತ್ತೆ, ನಾಲಿಗೆ ಕೆಳಗೆ ತುರಿಕೆ, ಗಂಟಲಲ್ಲಿ ಏನೋ ಸಿಕ್ಕಿಹಾಕ್ಕೊಂಡ ಹಾಗೆ, ಕಿವಿ ಒಳಗೂ ಕೆರೀಬೇಕು ಅನ್ನಿಸತ್ತೆ, ಅರ್ಧ ಗಂಟೆಯಲ್ಲಿ ತಾನಾಗೇ ಹೋಗತ್ತೆ. ಹಣ್ಣಿಗೆ ಹೊಡೆದ ಔಷಧಿ ಇರಬೇಕು, ಮೇಣ ಇರಬೇಕು ಅಂತ ಬಿಸಿನೀರಲ್ಲಿ ತೊಳೆದು ತೊಳೆದು ತಿಂತಾರೆ, ಆದ್ರೂ ಅದೇ ಕತೆ. ಆಮೇಲೆ ಹಣ್ಣೇ ಬೇಡ ಅಂತ ಬಿಟ್ಟುಬಿಡ್ತಾರೆ. ಎಲ್ಲರೂ ಹಾಗೆ ಪೂರ್ತಿ ಬಿಡೋ ಅವಶ್ಯಕತೆ ಇಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಇದರ ಮೂಲ ಇರೋದು ಬರ್ಚ್ ಅನ್ನೋ ಮರದಲ್ಲಿ. ಬಿಳಿ ತೊಗಟೆಯ ಮರ, ಉತ್ತರ ಯುರೋಪಲ್ಲಿ ರಸ್ತೆ ಪಕ್ಕ, ಪಾರ್ಕು, ಅಪಾರ್ಟ್‌ಮೆಂಟ್ ಹಿಂದೆ ಎಲ್ಲಿ ನೋಡಿದ್ರೂ ಇರತ್ತೆ. ನಮ್ಮ ಹಿಮಾಲಯದ ಭೂರ್ಜ ಇದೇ ಕುಟುಂಬದ್ದು, ಕರ್ನಾಟಕದಲ್ಲಂತೂ ಇದು ಬೆಳೆಯಲ್ಲ, ಹಾಗಾಗಿ ಊರಲ್ಲಿದ್ದಾಗ ನಮ್ಮ ದೇಹಕ್ಕೆ ಇದರ ಪರಿಚಯವೇ ಇರಲ್ಲ. ಅಲ್ಲಿಗೆ ಹೋಗಿ ಒಂದಷ್ಟು ವಸಂತ ಕಳೆದ ಮೇಲೆ ಕೆಲವರ ದೇಹ ಇದರ ಪರಾಗದಲ್ಲಿರೋ ಒಂದು ಪ್ರೋಟೀನನ್ನ ಶತ್ರು ಅಂತ ತಿಳ್ಕೊಂಡು ಅದಕ್ಕೆ ಐಜಿಇ ಅನ್ನೋ ಆಂಟಿಬಾಡಿ ತಯಾರು ಮಾಡಿ ಇಟ್ಕೊಳ್ಳತ್ತೆ. ಆ ಪ್ರೋಟೀನ್ ಹೆಸರು ಬೆಟ್ ವಿ 1. ಸೇಬಲ್ಲಿ ಇದಕ್ಕೆ ತುಂಬಾ ಹತ್ತಿರದ್ದೊಂದು ಪ್ರೋಟೀನ್ ಇದೆ, ಮಾಲ್ ಡಿ 1 ಅಂತ. ಎರಡರ ರಚನೆಯಲ್ಲಿ ಅಮೈನೊ ಆಮ್ಲಗಳು ಮೂರರಲ್ಲಿ ಎರಡು ಪಾಲಿನಷ್ಟು ಒಂದೇ ಥರ, ಮಡಚಿಕೊಂಡಿರೋ ಆಕಾರವೂ ಒಂದೇ. ಅಣ್ಣನ ಮೇಲೆ ಸಿಟ್ಟಿರೋನು ಅದೇ ಮುಖದ ತಮ್ಮನ್ನ ಕಂಡ್ರೂ ಹೊಡೆಯೋಕೆ ಹೋದ ಹಾಗೆ, ಬರ್ಚಿಗಾಗಿ ತಯಾರಾದ ಐಜಿಇ ಸೇಬಿನ ಪ್ರೋಟೀನನ್ನೂ ಹಿಡಿಯತ್ತೆ. ಬಾಯಿ ತುರಿಸತ್ತೆ. ಬರ್ಚ್ ಅಲರ್ಜಿ ಇರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಯಾವುದಾದ್ರೊಂದು ಹಣ್ಣೋ ತರಕಾರಿಯೋ ಕಾಯಿಬೀಜವೋ ಹೀಗೆ ಮಾಡತ್ತೆ. ಪೇರ್, ಚೆರ್ರಿ, ಪೀಚ್, ಪ್ಲಮ್, ಹೇಝಲ್‌ನಟ್, ಸೆಲೆರಿ, ಹಸಿ ಕ್ಯಾರೆಟ್ ಎಲ್ಲದರಲ್ಲೂ ಇದೇ ಪ್ರೋಟೀನಿನ ಸಂಬಂಧಿಕರು ಇದ್ದಾರೆ.

ಮಾಲ್ ಡಿ 1 ಬಗ್ಗೆ ಒಳ್ಳೆ ವಿಷಯ ಏನಂದ್ರೆ ಅದು ಬಹಳ ಸೂಕ್ಷ್ಮ. ಬಿಸಿ ತಾಗಿದ್ರೆ ಕೆಡತ್ತೆ, ಹೊಟ್ಟೆಯ ಆಸಿಡ್‌ಗೂ ಪೆಪ್ಸಿನ್ ಅನ್ನೋ ಜೀರ್ಣ ಮಾಡೋ ಪದಾರ್ಥಕ್ಕೂ ಸಿಕ್ಕರೆ ತುಂಡು ತುಂಡಾಗತ್ತೆ. ಅದಕ್ಕೇ ತೊಂದರೆ ಬಹುತೇಕ ಬಾಯಿ ಗಂಟಲಲ್ಲೇ ನಿಲ್ಲತ್ತೆ, ಅದಕ್ಕೇ ಹಸಿ ಸೇಬು ಆಗದೋರು ಆಪಲ್ ಪೈ, ಜಾಮ್, ಬೇಯಿಸಿದ ಸೇಬು, ಪಾಶ್ಚರೈಸ್ ಮಾಡಿದ ಜ್ಯೂಸ್ ಎಲ್ಲಾ ನೆಮ್ಮದಿಯಾಗಿ ತಿಂದು ಕುಡೀತಾರೆ. ಸೇಬಿನ ಹಲ್ವಾ ಮಾಡ್ಕೊಂಡ್ರೆ ಏನೂ ಆಗಲ್ಲ, ಹಸಿ ತಿಂದ್ರೆ ಮಾತ್ರ ಆಗತ್ತೆ ಅನ್ನೋರದ್ದು ಹೆಚ್ಚಾಗಿ ಇದೇ ಕೇಸು.

ಈಗ ತಳಿ ವಿಷಯ. ಎಲ್ಲಾ ಸೇಬಲ್ಲೂ ಈ ಪ್ರೋಟೀನ್ ಒಂದೇ ಪ್ರಮಾಣದಲ್ಲಿ ಇರಲ್ಲ, ಒಂದು ತಳಿಗೂ ಇನ್ನೊಂದಕ್ಕೂ ಹತ್ತಾರು ಪಟ್ಟು ವ್ಯತ್ಯಾಸ ಇರಬಹುದು. ಇದು ಹೊಸ ವಿಷಯ ಏನಲ್ಲ, 1990ರ ದಶಕದಲ್ಲೇ ಜರ್ಮನಿಯ ವಿಜ್ಞಾನಿಗಳು ಬೇರೆ ಬೇರೆ ಸೇಬಿನ ರಸ ತೆಗೆದು ನೋಡಿ, ಆ ಪ್ರೋಟೀನ್ ಜಾಸ್ತಿ ಇರೋ ತಳಿಗಳೇ ಅಲರ್ಜಿಯನ್ನ ಜಾಸ್ತಿ ಕೆರಳಿಸತ್ತವೆ ಅಂತ ಹೇಳಿದ್ರು. ಆದ್ರೆ ಅದನ್ನ ಅಂಗಡಿ ತನಕ ತಂದವರು ಡಚ್ಚರು. ವಾಗೆನಿಂಗನ್‌ನ ಕೃಷಿ ಸಂಶೋಧಕರು ಮತ್ತು ಉಟ್ರೆಕ್ಟ್‌ನ ಅಲರ್ಜಿ ಡಾಕ್ಟರುಗಳು ಸೇರಿಕೊಂಡು ಒಂದಷ್ಟು ತಳಿಗಳನ್ನ ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ ಸಂತಾನಾ ಅನ್ನೋ ಕೆಂಪು ಸೇಬು ಎದ್ದು ಕಾಣಿಸ್ತು. ಅದನ್ನ ಅಲರ್ಜಿಗೋಸ್ಕರ ಯಾರೂ ಬೆಳೆಸಿದ್ದಲ್ಲ, ಎಲ್ಸ್ಟಾರ್ ಮತ್ತೆ ಪ್ರಿಸಿಲ್ಲಾ ಅನ್ನೋ ಎರಡು ತಳಿ ಕೂಡಿಸಿ ಸ್ಕ್ಯಾಬ್ ರೋಗ ತಡ್ಕೊಳ್ಳೋ ಹಾಗೆ ಮಾಡಿದ್ದು, ಔಷಧಿ ಹೊಡೆಯೋದು ಕಮ್ಮಿ ಆಗ್ಲಿ ಅಂತ. ಅಲರ್ಜಿ ಕಮ್ಮಿ ಅನ್ನೋದು ಆಮೇಲೆ ಗೊತ್ತಾಗಿದ್ದು. 2006ರ ಹೊತ್ತಿಗೆ ನೆದರ್ಲ್ಯಾಂಡ್ಸಲ್ಲಿ ಇದನ್ನ ಸೌಮ್ಯ ಸೇಬಿನ ಅಲರ್ಜಿ ಇರೋರಿಗೆ ಅಂತಲೇ ಮಾರೋಕೆ ಶುರು ಮಾಡಿದ್ರು. ‘ಸೌಮ್ಯ’ ಅನ್ನೋ ಷರತ್ತನ್ನ ಅವರು ಸುಮ್ಮನೆ ಹಾಕಿದ್ದಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ.

ಒಂದು ತಳಿಯಲ್ಲಿ ಅಲರ್ಜಿ ಕಮ್ಮಿ ಅಂತ ಹೇಗೆ ತೀರ್ಮಾನ ಮಾಡ್ತಾರೆ? ಹಣ್ಣು ಅರೆದು, ಮಷೀನಿಗೆ ಹಾಕಿ, ಪ್ರೋಟೀನ್ ಎಷ್ಟಿದೆ ಅಂತ ನೋಡಿದ್ರೆ ಮುಗೀತು ಅನ್ಸತ್ತೆ. ಎಲೈಝಾ ಅನ್ನೋ ಟೆಸ್ಟಲ್ಲಿ ಹಾಗೆ ಅಳೀತಾರೆ ಕೂಡ. ತೊಂದರೆ ಏನಂದ್ರೆ ಸೇಬನ್ನ ಹೆಚ್ಚಿದ ತಕ್ಷಣ ಕಂದು ಬಣ್ಣಕ್ಕೆ ತಿರುಗತ್ತಲ್ಲ, ಆ ಕೆಲಸ ಮಾಡೋ ಪಾಲಿಫಿನಾಲ್‌ಗಳು ಗಾಳಿ ತಾಗಿ ಬದಲಾಗಿ ಹೋಗಿ ಈ ಪ್ರೋಟೀನಿಗೇ ಅಂಟಿಕೊಂಡು ಅದರ ಗುರುತು ಅಳಿಸಿಬಿಡತ್ತವೆ. ಲ್ಯಾಬಲ್ಲಿ ಅದನ್ನ ತಡೆಯೋಕೆ ಬೇರೆ ಪದಾರ್ಥ ಸೇರಿಸಿ, ತಣ್ಣಗೆ ಇಟ್ಕೊಂಡು, ಬೇಗ ಬೇಗ ಮಾಡಬೇಕು. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಜಾಸ್ತಿ ಅಲರ್ಜಿ ಇರೋ ಸೇಬೇ ಕಮ್ಮಿ ಅಂತ ತೋರಿಸಿಬಿಡತ್ತೆ. ಬಾಟಲಿಯಲ್ಲಿ ಬರೋ ರೆಡಿಮೇಡ್ ಸೇಬಿನ ಸಾರದಿಂದ ಚರ್ಮದ ಟೆಸ್ಟ್ ಮಾಡಿದ್ರೆ ‘ನಿಮಗೇನೂ ಇಲ್ಲ’ ಅಂತ ಬರೋದೂ ಇದಕ್ಕೇ, ತಿಂದ್ರೆ ತುರಿಸತ್ತೆ ಟೆಸ್ಟಲ್ಲಿ ಏನೂ ಬರ್ತಿಲ್ಲ ಅಂತ ತಲೆ ಕೆಡಿಸಿಕೊಂಡಿರೋರು ಇದನ್ನ ತಿಳ್ಕೊಂಡಿರಬೇಕು.

ಹಾಗಾಗಿ ಡಾಕ್ಟ್ರುಗಳು ತಾಜಾ ಹಣ್ಣಿಂದಲೇ ಪರೀಕ್ಷೆ ಮಾಡ್ತಾರೆ. ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ನಲ್ಲಿರೋ ನನ್ನ ತಂಗಿಗೆ ಮಾಡಿದ್ದನ್ನ ಪಕ್ಕದಲ್ಲೇ ಕೂತು ನೋಡಿದೀನಿ. ಚೂಪು ಮೊನೆಯ ಪುಟ್ಟ ಲ್ಯಾನ್ಸೆಟ್ಟನ್ನ ಮೊದಲು ಸೇಬಿಗೆ ಚುಚ್ಚಿದ್ರು, ತೆಗೆದು ಹಾಗೇ ಅವಳ ಮುಂಗೈ ಒಳಭಾಗಕ್ಕೆ ಚುಚ್ಚಿದ್ರು, ರಕ್ತ ಬರೋ ಅಷ್ಟೆಲ್ಲ ಅಲ್ಲ, ಮೇಲ್ಮೇಲೆ. ಪಕ್ಕದಲ್ಲಿ ಪೆನ್ನಲ್ಲಿ ತಳಿಯ ಗುರುತು. ಇನ್ನೊಂದು ಸೇಬು, ಇನ್ನೊಂದು ಲ್ಯಾನ್ಸೆಟ್, ಇನ್ನೊಂದು ಗುರುತು. ಒಂದು ಕಡೆ ಬರೀ ಸಲೈನ್ ಅಂದ್ರೆ ಉಪ್ಪುನೀರು, ಒಂದು ಕಡೆ ದದ್ದು ಎಬ್ಬಿಸೋ ಹಿಸ್ಟಮೀನ್, ಹೋಲಿಸಿ ನೋಡೋಕೆ. ಹದಿನೈದು ನಿಮಿಷಕ್ಕೆ ಕೆಲವು ಕಡೆ ಸೊಳ್ಳೆ ಕಚ್ಚಿದಷ್ಟು ದದ್ದು ಎದ್ದಿತ್ತು, ಕೆಲವು ಕಡೆ ಬರೀ ಕೆಂಪು, ಸ್ಕೇಲ್ ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಬರ್ಕೊಂಡ್ರು, ಮೂರು ಮಿಲಿಮೀಟರ್ ಅಥವಾ ಜಾಸ್ತಿ ಇದ್ರೆ ಪಾಸಿಟಿವ್ ಅಂತ ಲೆಕ್ಕ. ಒಂದೇ ಕೈ ಮೇಲೆ ಗೋಲ್ಡನ್ ಡೆಲಿಷಿಯಸ್ ದಪ್ಪಗೆ ಊದಿಕೊಂಡು, ಒಂದಿಂಚು ಪಕ್ಕದಲ್ಲೇ ಸಂತಾನಾ ಕಾಣಿಸ್ತೋ ಇಲ್ವೋ ಅನ್ನೋ ಹಾಗಿದ್ದದ್ದನ್ನ ನೋಡಿದಾಗ ತಳಿ ಅನ್ನೋದು ಎಷ್ಟು ವ್ಯತ್ಯಾಸ ಮಾಡತ್ತೆ ಅಂತ ನನಗೆ ಸರಿಯಾಗಿ ಅರ್ಥ ಆಯ್ತು. ಈ ಟೆಸ್ಟಿಗೆ ಹೋಗೋ ಮುಂಚೆ ಸೆಟ್ರಿಝಿನ್ ಥರದ ಅಲರ್ಜಿ ಮಾತ್ರೆ ಕೆಲವು ದಿನ ನಿಲ್ಲಿಸಿರಬೇಕು, ಎಷ್ಟು ದಿನ ಅಂತ ಅವರೇ ಹೇಳ್ತಾರೆ, ಇಲ್ಲಾಂದ್ರೆ ಏನೂ ಏಳಲ್ಲ.

ಆದ್ರೆ ಚರ್ಮ ಹೇಳಿದ್ದೇ ಬಾಯಿ ಹೇಳತ್ತೆ ಅಂತ ಗ್ಯಾರಂಟಿ ಇಲ್ಲ. ಕೊನೆಗೆ ನಂಬೋದು ತಿನ್ನಿಸಿ ನೋಡೋ ಪರೀಕ್ಷೆಯನ್ನೇ. ಆಸ್ಪತ್ರೆಯಲ್ಲಿ ಕೂರಿಸಿ ಚೂರು ಕೊಡ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಜಾಸ್ತಿ ಕೊಡ್ತಾರೆ, ರೋಗಿ ಒಂದು ಹತ್ತು ಸೆಂಟಿಮೀಟರ್ ಗೆರೆ ಮೇಲೆ ‘ಇಷ್ಟು ತುರಿಸ್ತಿದೆ’ ಅಂತ ಗುರುತು ಹಾಕ್ತಾನೆ, ಒಂದು ತುದಿ ಏನೂ ಇಲ್ಲ, ಇನ್ನೊಂದು ತುದಿ ತಡೆಯೋಕಾಗಲ್ಲ. ಹೀಗೆ ತಳಿ ತಳಿಗೆ ಹೋಲಿಸ್ತಾರೆ. ಯಾವ ತಳಿ ಅಂತ ತಿನ್ನೋನಿಗೆ ಗೊತ್ತಿರಬಾರದು, ಆದ್ರೆ ಸೇಬನ್ನ ಗುರುತು ಸಿಗದ ಹಾಗೆ ರುಬ್ಬಿ ಇಟ್ರೆ ಪ್ರೋಟೀನೇ ಕೆಡತ್ತೆ, ಹಾಗಾಗಿ ಇದು ಕಷ್ಟದ ಕೆಲಸ. ಈ ರೀತಿ ಅಧ್ಯಯನಗಳಲ್ಲಿ ಭಾಗವಹಿಸೋ ರೋಗಿಗಳ ಸಂಖ್ಯೆ ಚಿಕ್ಕದಾಗಿರೋದಕ್ಕೆ ಇದೂ ಒಂದು ಕಾರಣ, ಬೇರೆ ಬೇರೆ ಪಟ್ಟಿಗಳು ಒಂದಕ್ಕೊಂದು ತಾಳೆ ಆಗದೇ ಇರೋದಕ್ಕೂ.

ಇನ್ನೂ ಒಂದು ಗೋಜಲಿದೆ. ಮಾಲ್ ಡಿ 1 ಅನ್ನೋದು ಒಂದೇ ಪ್ರೋಟೀನ್ ಅಲ್ಲ, ಸೇಬಿನ ಜೀನೋಮಲ್ಲಿ ಇದಕ್ಕೆ ಹತ್ತಾರು ಜೀನ್‌ಗಳಿವೆ, ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಬೇರೆ ರೂಪದ್ದನ್ನ ತಯಾರಿಸತ್ತೆ. ವಾಗೆನಿಂಗನ್‌ನವರು ನೋಡಿದಾಗ 16ನೇ ಕ್ರೋಮೋಸೋಮಲ್ಲಿರೋ ಕೆಲವು ಜೀನ್‌ಗಳ ರೂಪಕ್ಕೂ ಆ ತಳಿ ಅಲರ್ಜಿ ಎಬ್ಬಿಸೋದಕ್ಕೂ ಸಂಬಂಧ ಕಾಣಿಸ್ತು. ಅಂದ್ರೆ ಒಟ್ಟು ಎಷ್ಟಿದೆ ಅನ್ನೋದರ ಜೊತೆಗೆ ಯಾವ ರೂಪದ್ದು ಇದೆ ಅನ್ನೋದೂ ಲೆಕ್ಕಕ್ಕೆ ಬರತ್ತೆ. ಸಸಿಯ ಎಲೆಯ ಡಿಎನ್‌ಎ ನೋಡಿಯೇ ‘ಇದು ಆಗಬಹುದು’ ಅಂತ ಆರಿಸೋ ಕಾಲ ಬಂದ್ರೆ ಹೊಸ ತಳಿ ಮಾಡೋರಿಗೆ ಬಹಳ ವರ್ಷಗಳ ಕೆಲಸ ಉಳಿಯತ್ತೆ. ಜೀನನ್ನೇ ಬಾಯಿ ಮುಚ್ಚಿಸಿ ಮಾಲ್ ಡಿ 1 ಕಮ್ಮಿ ಮಾಡಿದ ಎಲ್ಸ್ಟಾರ್ ಗಿಡಗಳನ್ನೂ ಅಲ್ಲೇ ಮಾಡಿ ತೋರಿಸಿದಾರೆ, ಆದ್ರೆ ಅದು ಜಿಎಂ, ಅಂದ್ರೆ ಲ್ಯಾಬಲ್ಲಿ ಜೀನ್ ಬದಲಿಸಿದ ಗಿಡ ಆಗಿರೋದ್ರಿಂದ ಯುರೋಪಿನ ಮಾರ್ಕೆಟ್ಟಿಗೆ ಬರಲಿಲ್ಲ.

ಸರಿ, ಹೆಸರುಗಳಿಗೆ ಬರೋಣ. ಗೋಲ್ಡನ್ ಡೆಲಿಷಿಯಸ್ ಮತ್ತೆ ಗ್ರಾನಿ ಸ್ಮಿತ್, ಇವೆರಡೂ ಹೆಚ್ಚಿನ ಪಟ್ಟಿಗಳಲ್ಲಿ ‘ಆಗಲ್ಲ’ ಕಡೆಯೇ ಬರತ್ತವೆ, ಅದರಲ್ಲೂ ಗೋಲ್ಡನ್ ಅಂತೂ ಪರೀಕ್ಷೆಗಳಲ್ಲಿ ಜಾಸ್ತಿ ಅಲರ್ಜಿಯ ಉದಾಹರಣೆಯಾಗೇ ಬಳಸ್ತಾರೆ. ಬ್ರೇಬರ್ನ್, ಗಾಲಾ, ಜೋನಾಗೋಲ್ಡ್ ಕೂಡ ಬಹಳ ಜನಕ್ಕೆ ಆಗಲ್ಲ. ಕಮ್ಮಿ ತೊಂದರೆ ಕಡೆ ಸಂತಾನಾ, ಎಲೀಸ್, ಜರ್ಮನಿಯಲ್ಲಾದ್ರೆ ಆಲ್ಕ್‌ಮೆನೆ, ಬೆರ್ಲೆಪ್ಶ್ ಥರದ ಹಳೇ ತಳಿಗಳು. ಜರ್ಮನಿಯ ವಾರದ ಸಂತೆಗಳಲ್ಲಿ ಇಂಥ ಹಳೇ ಸೇಬು ಮಾರೋ ರೈತರು ಸಿಗ್ತಾರೆ, ಅಲರ್ಜಿ ಇದೆ ಅಂದ್ರೆ ತಮ್ಮ ಗಿರಾಕಿಗಳಿಗೆ ಯಾವುದು ಆಗತ್ತೆ ಅಂತ ಹೇಳ್ತಾರೆ ಕೂಡ, ಕೇಳಿ ನೋಡಿ. ಹಳೇ ತಳಿಗಳಲ್ಲಿ ಪಾಲಿಫಿನಾಲ್ ಜಾಸ್ತಿ, ಹೆಚ್ಚಿದ್ರೆ ಬೇಗ ಕಂದಾಗತ್ತವೆ, ಸ್ವಲ್ಪ ಒಗರು ಇರತ್ತವೆ. ಸೂಪರ್‌ಮಾರ್ಕೆಟ್ಟಿಗೆ ಬೇಕಾಗಿದ್ದು ಬೆಳ್ಳಗೇ ಉಳಿಯೋ, ಬರೀ ಸಿಹಿ ಇರೋ ಸೇಬು, ಅದಕ್ಕೇ ತಳಿ ಮಾಡೋರು ಪಾಲಿಫಿನಾಲ್ ಕಮ್ಮಿ ಇರೋದನ್ನೇ ಆರಿಸ್ಕೊಂಡು ಬಂದ್ರು. ಪಾಲಿಫಿನಾಲ್ ಜಾಸ್ತಿ ಇದ್ರೆ ಅಗಿಯೋವಾಗ್ಲೇ ಒಂದಷ್ಟು ಪ್ರೋಟೀನ್ ಕೆಡತ್ತೆ ಅನ್ನೋದು ಒಂದು ವಿವರಣೆ, ನನಗಂತೂ ಇದು ಒಪ್ಪೋ ಹಾಗಿದೆ, ಆದ್ರೆ ಇದೊಂದರಿಂದಲೇ ಎಲ್ಲಾ ತಳಿಯ ವ್ಯತ್ಯಾಸ ಬಿಡಿಸೋಕಾಗಲ್ಲ.

ತಳಿಯಷ್ಟೇ ಮುಖ್ಯವಾದ ಇನ್ನೊಂದು ವಿಷಯವನ್ನ ಜನ ಗಮನಿಸೋದೇ ಇಲ್ಲ, ಹಣ್ಣಿನ ವಯಸ್ಸು. ಈ ಪ್ರೋಟೀನ್ ಗಿಡದ ರಕ್ಷಣೆಗೆ ಅಂತ ಇರೋದು, ಗಿಡಕ್ಕೋ ಹಣ್ಣಿಗೋ ಕಷ್ಟ ಬಂದಾಗ ಜಾಸ್ತಿ ಆಗತ್ತೆ, ಕೋಲ್ಡ್ ಸ್ಟೋರೇಜಲ್ಲಿ ತಿಂಗಳುಗಟ್ಟಲೆ ಇಟ್ಟಾಗಲೂ ಏರ್ತಾ ಹೋಗತ್ತೆ. ಆಕ್ಸಿಜನ್ ಕಮ್ಮಿ ಮಾಡಿ ಇಡೋ ಸಿಎ ಸ್ಟೋರೇಜಲ್ಲಿ ಏರೋದು ನಿಧಾನ. ಉತ್ತರ ಯುರೋಪಲ್ಲಿ ಸೇಬು ಕೊಯ್ಯೋದು ಸೆಪ್ಟೆಂಬರ್, ಅಕ್ಟೋಬರ್. ಬರ್ಚ್ ಪರಾಗ ಹಾರೋದು ಏಪ್ರಿಲ್, ಮೇ. ಏಪ್ರಿಲಲ್ಲಿ ಅಂಗಡಿಯಲ್ಲಿ ಸಿಗೋ ಅಲ್ಲಿನ ಸೇಬು ಆರೇಳು ತಿಂಗಳು ಸ್ಟೋರಲ್ಲಿದ್ದದ್ದು, ಅದೇ ಹೊತ್ತಿಗೆ ನಮ್ಮ ದೇಹವೂ ಪರಾಗದಿಂದ ಕೆರಳಿ ಕೂತಿರತ್ತೆ. ಎರಡೂ ಒಟ್ಟಿಗೆ ಸೇರಿದ್ರೆ ಕೇಳಬೇಕಾ. ಅಕ್ಟೋಬರಲ್ಲಿ ಮರದಿಂದ ಇಳಿದ ಅದೇ ತಳಿ ಆರಾಮಾಗಿ ಆಗಬಹುದು. ‘ಹೋದ ಸಲ ಏನೂ ಆಗಲಿಲ್ಲ ಈ ಸಲ ಯಾಕೆ’ ಅಂತ ಗೊಂದಲ ಆಗೋರಿಗೆ ಎಷ್ಟೋ ಸಲ ಉತ್ತರ ಇಲ್ಲೇ ಇರತ್ತೆ. ಸಿಪ್ಪೆ ತೆಗೆದು ತಿನ್ನೋದ್ರಿಂದಲೂ ಕೆಲವರಿಗೆ ಸ್ವಲ್ಪ ಸಹಾಯ ಆಗತ್ತೆ.

ಇತ್ತೀಚಿನ ಕೆಲಸಗಳಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಇಟಲಿಯ ಸೌತ್ ಟಿರೋಲ್ ಮತ್ತೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನವರು ಸೇರಿ ಮಾಡಿದ್ದು. ಕಮ್ಮಿ ಅಲರ್ಜಿ ತಳಿ ಹುಡುಕಿ ಅಷ್ಟಕ್ಕೇ ನಿಲ್ಲಿಸದೆ ಅದನ್ನ ಔಷಧಿ ಥರ ಬಳಸಿದ್ರು. ಮೊದಲು ಒಳಗಿನ ತಿರುಳೂ ಕೆಂಪಗಿರೋ ಒಂದು ಸೇಬು, ಅದು ಅಭ್ಯಾಸ ಆದ ಮೇಲೆ ಪಿಂಕ್ ಲೇಡಿ, ಅದೂ ಆದ ಮೇಲೆ ಗೋಲ್ಡನ್ ಡೆಲಿಷಿಯಸ್, ಚಿಕ್ಕ ಚೂರಿಂದ ಶುರು ಮಾಡಿ ದಿನಾ ತಿನ್ನಿಸ್ತಾ ತಿಂಗಳುಗಟ್ಟಲೆ ಪ್ರಮಾಣ ಏರಿಸ್ತಾ ಹೋದ್ರು. ಭಾಗವಹಿಸಿದೋರು ಕೊನೆಗೆ ಸೇಬು ತಿನ್ನೋ ಹಾಗಾದ್ರು, ಬರ್ಚ್ ಸೀಸನ್ನಿನ ತೊಂದರೆಯೂ ಕಮ್ಮಿ ಆಯ್ತು ಅಂತ ವರದಿ ಮಾಡಿದಾರೆ. ಭಾಗವಹಿಸಿದ್ದು ಕಮ್ಮಿ ಜನ, ಡಾಕ್ಟರ ನಿಗಾದಲ್ಲಿ ಮಾಡಿದ್ದು, ಆದ್ರೂ ದಾರಿ ಇದೆ ಅನ್ನೋದು ದೊಡ್ಡ ಸಮಾಧಾನ.

ಬೇರೆ ಹಣ್ಣುಗಳಲ್ಲೂ ತಳಿ ವ್ಯತ್ಯಾಸ ಇದೆ. ಸ್ಟ್ರಾಬೆರಿಯಲ್ಲಿ ಇದೇ ಬಳಗದ ಫ್ರಾ ಎ 1 ಅನ್ನೋ ಪ್ರೋಟೀನ್ ಇದೆ, ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಸೋಫಾರ್ ಅನ್ನೋ ಬಿಳಿ ಸ್ಟ್ರಾಬೆರಿಯನ್ನ ಅಲರ್ಜಿ ಇರೋರು ತಿಂದು ಅರಗಿಸ್ಕೊಳ್ತಿದ್ದದ್ದನ್ನ ಬೆನ್ನು ಹತ್ತಿ ನೋಡಿದಾಗ ಅದರಲ್ಲಿ ಈ ಪ್ರೋಟೀನ್ ಇಲ್ಲ ಅನ್ನೋ ಅಷ್ಟು ಕಮ್ಮಿ ಇತ್ತು. ಹಣ್ಣಿಗೆ ಕೆಂಪು ಬಣ್ಣ ಬರಿಸೋ ಕೆಲಸದಲ್ಲೇ ಆ ಪ್ರೋಟೀನಿಗೆ ಪಾತ್ರ ಇದೆ. ಅಂದ್ರೆ ಸ್ಟ್ರಾಬೆರಿಯಲ್ಲಿ ಬಿಳಿಯದ್ದು ವಾಸಿ, ಸೇಬಲ್ಲಿ ಕೆಂಪು ತಿರುಳಿನದ್ದು ವಾಸಿ, ಬಣ್ಣ ನೋಡಿ ಒಂದೇ ನಿಯಮ ಮಾಡೋ ಹಾಗಿಲ್ಲ. ಕಿವಿ ಹಣ್ಣಲ್ಲಿ ಹಸಿರಿಗಿಂತ ಗೋಲ್ಡಲ್ಲಿ ಆಕ್ಟಿನಿಡಿನ್ ಅನ್ನೋ ಪ್ರೋಟೀನ್ ತುಂಬಾ ಕಮ್ಮಿ, ಹಾಗಂತ ಗೋಲ್ಡ್ ಎಲ್ಲರಿಗೂ ಆಗತ್ತೆ ಅಂತಲ್ಲ, ಅದರಲ್ಲಿ ಬೇರೆ ಅಲರ್ಜಿ ಪ್ರೋಟೀನ್‌ಗಳಿವೆ.

ಇಲ್ಲಿಗೇ ಆ ‘ಸೌಮ್ಯ’ ಅನ್ನೋ ಷರತ್ತು ಬರೋದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಸೇಬಲ್ಲಿ ಮಾಲ್ ಡಿ 3 ಅಂತ ಇನ್ನೊಂದು ಪ್ರೋಟೀನ್ ಇದೆ, ಮುಖ್ಯವಾಗಿ ಸಿಪ್ಪೆಯಲ್ಲಿ. ಇದು ಬೇಯಿಸಿದ್ರೂ ಹೋಗಲ್ಲ, ಹೊಟ್ಟೆಯಲ್ಲೂ ಜೀರ್ಣ ಆಗಲ್ಲ, ಹಾಗೇ ರಕ್ತಕ್ಕೆ ಸೇರಿ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ಬಿಪಿ ಬೀಳೋ ತನಕ ಹೋಗಬಹುದು. ಇದಕ್ಕೂ ಬರ್ಚಿಗೂ ಸಂಬಂಧ ಇಲ್ಲ, ಸ್ಪೇನ್ ಕಡೆ ಇದು ಜಾಸ್ತಿ, ಅಲ್ಲಿ ಪೀಚ್ ಹಣ್ಣಿಂದ ಶುರುವಾಗತ್ತೆ. ಯುರೋಪಿನ ನಾಲ್ಕು ದೇಶಗಳ ಸೇಬಿನ ಅಲರ್ಜಿ ರೋಗಿಗಳನ್ನ ಹೋಲಿಸಿದ 2006ರ ಅಧ್ಯಯನದಲ್ಲಿ ನೆದರ್ಲ್ಯಾಂಡ್ಸ್, ಆಸ್ಟ್ರಿಯಾ, ಇಟಲಿಯಲ್ಲಿ ಮಾಲ್ ಡಿ 1 ಮುಂದಿದ್ರೆ, ಸ್ಪೇನಲ್ಲಿ ಮಾಲ್ ಡಿ 3. ಸಂತಾನಾ ಕಮ್ಮಿ ಅಲರ್ಜಿ ಅನ್ನೋ ಮಾತು ಮಾಲ್ ಡಿ 1 ಇರೋರಿಗೆ ಹೇಳಿದ್ದು, ಮಾಲ್ ಡಿ 3 ಇರೋರು ಅದನ್ನ ನಂಬಿ ತಿಂದ್ರೆ ಅಪಾಯ. ಅದಕ್ಕೇ ತಳಿ ಹುಡುಕೋ ಮುಂಚೆ ನಿಮ್ಮದು ಯಾವುದು ಅಂತ ತಿಳ್ಕೊಳ್ಳಿ, ಕಾಂಪೊನೆಂಟ್ ಟೆಸ್ಟ್ ಅಂತ ರಕ್ತ ಪರೀಕ್ಷೆ ಇದೆ, ಬೆಟ್ ವಿ 1, ಮಾಲ್ ಡಿ 1, ಮಾಲ್ ಡಿ 3, ಪೀಚಿನ ಪ್ರೂ ಪಿ 3 ಇವನ್ನ ಬೇರೆ ಬೇರೆಯಾಗಿ ತೋರಿಸತ್ತೆ, ಡಾಕ್ಟರ್ ಹತ್ರ ಹೆಸರು ಹೇಳಿಯೇ ಕೇಳಿ.

ಬರ್ಚ್ ಥರದ್ದೇ ಆದ್ರೂ ಯಾವಾಗಲೂ ಬಾಯಿ ತುರಿಕೆಗೇ ನಿಲ್ಲತ್ತೆ ಅಂದ್ಕೋಬೇಡಿ. ಸೋಯಾದಲ್ಲಿ ಇದೇ ಬಳಗದ ಪ್ರೋಟೀನ್ ಇದೆ, ಬರ್ಚ್ ಅಲರ್ಜಿ ಇರೋರು ಸೋಯಾ ಪ್ರೋಟೀನ್ ಪುಡಿ ಕಲಸಿ ಒಂದೇ ಉಸಿರಿಗೆ ಕುಡಿದು ಗಂಭೀರ ಸ್ಥಿತಿಗೆ ಹೋದದ್ದು ದಾಖಲಾಗಿದೆ. ಇನ್ನೊಂದು, ನಮ್ಮಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಮಾತ್ರೆ ನುಂಗೋ ಅಭ್ಯಾಸ ಬಹಳ ಜನಕ್ಕಿದೆ, ಹೊಟ್ಟೆಯ ಆಸಿಡ್ ಕಮ್ಮಿ ಆದ್ರೆ ಅಲ್ಲಿ ಒಡೀಬೇಕಾಗಿದ್ದ ಪ್ರೋಟೀನ್ ಒಡೆಯದೇ ಮುಂದೆ ಹೋಗಬಹುದು. ಖಾಲಿ ಹೊಟ್ಟೆಗೆ ತಿಂದು ತಕ್ಷಣ ಓಡೋದು, ಜಿಮ್‌ಗೆ ಹೋಗೋದು ಕೂಡ ರಿಯಾಕ್ಷನ್ ಜಾಸ್ತಿ ಮಾಡಬಹುದು. ಗಂಟಲು ಬಿಗಿಯೋದು, ಉಸಿರು ಕಟ್ಟೋದು, ಮೈಮೇಲೆ ದದ್ದು, ತಲೆ ಸುತ್ತು, ವಾಂತಿ ಇದರಲ್ಲಿ ಯಾವುದು ಒಂದ್ಸಲ ಆಗಿದ್ರೂ ಮನೆಯಲ್ಲಿ ಯಾವ ತಳಿಯನ್ನೂ ಟೆಸ್ಟ್ ಮಾಡೋ ಹಾಗಿಲ್ಲ. ಆಸ್ತಮಾ ಕಂಟ್ರೋಲಲ್ಲಿ ಇಲ್ಲದೋರೂ ಅಷ್ಟೇ.

ಬರೀ ಬಾಯಿ ತುರಿಕೆಯೋರು, ಡಾಕ್ಟರ್ ಸರಿ ಅಂದ ಮೇಲೆ, ಪರಾಗದ ಸೀಸನ್ ಮುಗಿದ ಮೇಲೆ, ತಳಿ ಹೆಸರು ಖಚಿತ ಇರೋ ಹೊಸ ಕೊಯ್ಲಿನ ಹಣ್ಣು ತಗೊಂಡು ಮೊದಲು ತುಟಿಗೆ ಸವರಿ ಕಾದು ನೋಡಿ, ಆಮೇಲೆ ಕಡಲೆಕಾಳಿನಷ್ಟು ಚೂರು, ಅದಾದ ಮೇಲೆ ದೊಡ್ಡದು ಹೀಗೆ ಹೋಗಬಹುದು, ಪ್ರತಿ ಹಂತದಲ್ಲೂ ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು, ಒಬ್ಬರೇ ಇದ್ದಾಗ ಬೇಡ, ತುರಿಕೆ ಶುರುವಾಯ್ತು ಅಂದ್ರೆ ಉಗಿದು ಬಾಯಿ ಮುಕ್ಕಳಿಸಿ ಅಲ್ಲಿಗೇ ಬಿಡಬೇಕು. ಒಂದು ದಿನಕ್ಕೆ ಒಂದೇ ತಳಿ.

ಬೆಂಗಳೂರಲ್ಲೋ ಮೈಸೂರಲ್ಲೋ ಇದ್ದುಕೊಂಡು ಹಣ್ಣು ತಿಂದ್ರೆ ಬಾಯಿ ತುರಿಸೋರು ಈ ಯುರೋಪಿನ ಪಟ್ಟಿ ಇಟ್ಕೊಂಡು ಅಂಗಡಿಗೆ ಹೋಗೋದರಲ್ಲಿ ಅರ್ಥ ಇಲ್ಲ. ಇಲ್ಲಿ ಬರ್ಚ್ ಇಲ್ಲ, ಸಂತಾನಾ ಸಿಗಲ್ಲ, ಸಿಗೋದು ಕಾಶ್ಮೀರ ಹಿಮಾಚಲದ ಡೆಲಿಷಿಯಸ್ ಬಗೆಗಳು, ಜೊತೆಗೆ ಹೊರಗಿಂದ ಬರೋ ಗಾಲಾ, ಫ್ಯೂಜಿ, ಗ್ರಾನಿ ಸ್ಮಿತ್. ಇಲ್ಲಿನ ಪರಾಗವೇ ಬೇರೆ, ಕಾಂಗ್ರೆಸ್ ಗಿಡ ಅಂತೀವಲ್ಲ ಆ ಪಾರ್ಥೇನಿಯಂ, ಹುಲ್ಲುಗಳು, ಬೇರೆ ಕಳೆಗಳು. ಪಾರ್ಥೇನಿಯಂ ಅಮೆರಿಕದ ರಾಗ್‌ವೀಡ್ ಅನ್ನೋ ಕಳೆಗೆ ಸಂಬಂಧಿ, ರಾಗ್‌ವೀಡ್ ಅಲರ್ಜಿ ಇರೋರಿಗೆ ತುರಿಸೋದು ಕರ್ಬೂಜ, ಕಲ್ಲಂಗಡಿ, ಬಾಳೆಹಣ್ಣು. ಹುಲ್ಲಿನ ಪರಾಗದ ಪ್ರೊಫಿಲಿನ್ ಅನ್ನೋ ಪ್ರೋಟೀನಿಂದಲೂ ಹೀಗೇ ಆಗಬಹುದು. ಮಾವಿನ ಸೊನೆ ತಾಗಿ ತುಟಿ ಸುತ್ತ ಒಂದೆರಡು ದಿನ ಬಿಟ್ಟು ಗುಳ್ಳೆ ಏಳೋದಂತೂ ಪೂರ್ತಿ ಬೇರೆ ರೀತಿಯ ಅಲರ್ಜಿ, ಅದಕ್ಕೂ ಪರಾಗಕ್ಕೂ ಸಂಬಂಧ ಇಲ್ಲ. ಇಲ್ಲಿ ಇರೋರು ಅಲರ್ಜಿ ಡಾಕ್ಟರ್ ಹತ್ರ ಹೋಗೋವಾಗ ಯಾವ ಹಣ್ಣು ತೊಂದರೆ ಕೊಡ್ತೋ ಅದೇ ಹಣ್ಣನ್ನ ಒಂದು ಡಬ್ಬಿಯಲ್ಲಿ ಹೆಚ್ಚದೇ ಇಡಿಯಾಗಿ ತಗೊಂಡು ಹೋಗಿ, ಅದರಿಂದಲೇ ಚುಚ್ಚಿ ನೋಡ್ತೀರಾ ಅಂತ ಕೇಳಿ, ಜೊತೆಗೆ ಯಾವ ತಿಂಗಳಲ್ಲಿ ಆಯ್ತು, ಹಸಿಯಾಗಿ ತಿಂದದ್ದೋ ಬೇಯಿಸಿದ್ದೋ, ಸಿಪ್ಪೆ ಇತ್ತಾ, ಅವತ್ತು ಯಾವ ಮಾತ್ರೆ ತಗೊಂಡಿದ್ರಿ ಅಂತ ಬರ್ಕೊಂಡು ಹೋಗಿ.